ಹೃದಯಾಘಾತದ ಅಪಾಯ: ಗಂಡಸರ ಲೆಕ್ಕ ಬೇರೆ, ಹೆಂಗಸರ ಲೆಕ್ಕ ಬೇರೆ ಏಕೆ?

ಗುಬ್ಬಿಗೂಡು
ಆಶಾ ಕಾರ್ಯಕರ್ತೆಯರಿಗೆ ಕನ್ನಡದಲ್ಲೊಂದು ಕಿರು ಕೈಪಿಡಿ ತಯಾರಾಗ್ತಿದೆ. ಹೃದಯದ ಕಾಯಿಲೆಯ ಭಾಗದಲ್ಲಿ ಒಂದು ಗಂಟಿದೆ, ಬಿಡಿಸಿಕೊಡಿ.

ರಿಸ್ಕ್ ಕ್ಯಾಲ್ಕುಲೇಟರಿಗೆ ಅದೇ ವಯಸ್ಸು, ಅದೇ ಬಿಪಿ, ಅದೇ ಕೊಲೆಸ್ಟ್ರಾಲ್ ಕೊಟ್ಟು ಗಂಡಸು ಅಂತ ಒತ್ತಿದರೆ ಶೇಕಡಾವಾರು ಜಾಸ್ತಿ ಬರುತ್ತೆ, ಹೆಂಗಸು ಅಂತ ಒತ್ತಿದರೆ ಕಡಿಮೆ. ಆದರೆ ಹೃದಯಾಘಾತದ ಬಗ್ಗೆ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ ಆಡ್ಸ್ ರೇಶಿಯೋ (ಅಪಾಯ ಎಷ್ಟು ಪಟ್ಟು ಅನ್ನೋ ಅಳತೆ) ಹೆಂಗಸರಲ್ಲಿ 4.26, ಗಂಡಸರಲ್ಲಿ 2.67. ಬಿಪಿಗೆ ಹೆಂಗಸರಲ್ಲಿ 2.95, ಗಂಡಸರಲ್ಲಿ 2.32. ಅಂದರೆ ಸಕ್ಕರೆ, ಬಿಪಿ ಎರಡೂ ಹೆಂಗಸರನ್ನೇ ಹೆಚ್ಚು ಹೊಡೆಯುತ್ತೆ ಅಂತಾಯ್ತು. ಇವೆರಡೂ ಒಟ್ಟಿಗೆ ಹೇಗೆ ನಿಜ? ಕಾರ್ಯಕರ್ತೆಯರಿಗೆ ಯಾವುದನ್ನು ಹೇಳೋದು?

ಅಂಕಿಮನೆ
ಎರಡೂ ನಿಜ. ಒಂದು ಅನುಪಾತ, ಇನ್ನೊಂದು ನೇರ ಎಣಿಕೆ.

ಲೆಕ್ಕಕ್ಕೆಂದು ಊಹಿಸಿದ ಸಂಖ್ಯೆ ತಗೊಳ್ಳಿ. ಸಕ್ಕರೆ ಇಲ್ಲದ 1000 ಹೆಂಗಸರಲ್ಲಿ ವರ್ಷಕ್ಕೆ 2 ಹೃದಯಾಘಾತ, ಅದೇ ವಯಸ್ಸಿನ 1000 ಗಂಡಸರಲ್ಲಿ 5 ಅಂತಿರಲಿ. 2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ಮಾಡಿದ ವಿಶ್ಲೇಷಣೆಯಲ್ಲಿ ಸಕ್ಕರೆ ಕಾಯಿಲೆಯ ಸಾಪೇಕ್ಷ ಅಪಾಯ ಹೆಂಗಸರಲ್ಲಿ 2.82, ಗಂಡಸರಲ್ಲಿ 2.16 ಬಂತು. ಗುಣಿಸಿ ನೋಡಿ: ಹೆಂಗಸರು 2ರಿಂದ 5.6ಕ್ಕೆ ಏರಿದರು, ಗಂಡಸರು 5ರಿಂದ 10.8ಕ್ಕೆ. ಹೆಂಗಸರಲ್ಲಿ ಏರಿಕೆಯ ಪಟ್ಟು ದೊಡ್ಡದು, ಗಂಡಸರಲ್ಲಿ ಹೆಚ್ಚುವರಿ ಕೇಸುಗಳು ಹೆಚ್ಚು. ಕ್ಯಾಲ್ಕುಲೇಟರ್ ತೋರಿಸೋದು ಕೊನೆಯ ಎಣಿಕೆ. ಇಂಟರ್‌ಹಾರ್ಟ್ ಹೇಳೋದು ಪಟ್ಟು.

ಇನ್ನೊಂದು ಮಾತು. ಸಕ್ಕರೆ ಬಂದ ಹೆಂಗಸಿನ 5.6, ಸಕ್ಕರೆ ಇಲ್ಲದ ಗಂಡಸಿನ 5ನ್ನು ದಾಟಿತು ನೋಡಿ. ಹೆಣ್ಣಾಗಿದ್ದಕ್ಕೆ ಸಿಕ್ಕಿದ್ದ ರಕ್ಷಣೆ ಸಕ್ಕರೆ ಕಾಯಿಲೆ ಬಂದೊಡನೆ ಹೆಚ್ಚುಕಮ್ಮಿ ಹೋಯ್ತು. ಕೈಪಿಡಿಗೆ ಇದೇ ವಾಕ್ಯ ಸಾಕು.

ತುಂಗಾತೀರ
ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ. ಥ್ಯಾಂಕ್ಸ್.

ಹಳೇಕಡತ
ಪಟ್ಟು–ಎಣಿಕೆ ಸರಿ. ಜೊತೆಗೆ ಕಾಲದ ಪ್ರಶ್ನೆ ಇದೆ, ಅದು ಅಮೆರಿಕದ ಹಳೆಯ ಹೃದಯ ಅಧ್ಯಯನ ನಡೆದ ಊರು ಫ್ರೇಮಿಂಗ್‌ಹ್ಯಾಮಿನಿಂದಲೇ ಬಂದದ್ದು.

1948ರಲ್ಲಿ ಬೋಸ್ಟನ್ ಪಕ್ಕದ ಆ ಊರಿನಲ್ಲಿ 5,209 ಜನರನ್ನು ಸೇರಿಸಿಕೊಂಡಾಗ ಹೆಂಗಸರು 2,873, ಗಂಡಸರು 2,336. ಎರಡು ವರ್ಷಕ್ಕೊಮ್ಮೆ ಕರೆಸಿ ತಪಾಸಣೆ. ಆಗಿನ ಕಾಲಕ್ಕೆ ಹೆಂಗಸರನ್ನು ಸೇರಿಸಿದ್ದೇ ದೊಡ್ಡ ವಿಷಯ. ಆಮೇಲೆ ಬಂದ ಹೆಸರಾಂತ ಅಧ್ಯಯನಗಳಲ್ಲೂ ಎಷ್ಟೋ ಗಂಡಸರವೇ: ಸೆವೆನ್ ಕಂಟ್ರೀಸ್ ಬರೀ ಗಂಡಸರು, ಎಂಆರ್‌ಫಿಟ್ 12,866 ಜನ, ಎಲ್ಲರೂ ಗಂಡಸರು. ಹೃದಯಾಘಾತ ತಡೆಯಲು ಆಸ್ಪಿರಿನ್ ಅಂತ 1989ರಲ್ಲಿ ಹೇಳಿದ ಅಧ್ಯಯನದ 22,071 ವೈದ್ಯರೂ ಗಂಡಸರೇ. 39,876 ಹೆಂಗಸರ ಮೇಲೆ ಅದೇ ಆಸ್ಪಿರಿನ್ ನೋಡಿದ ಫಲಿತಾಂಶ ಬಂದದ್ದು 2005ರಲ್ಲಿ. ಅವರಲ್ಲಿ ಪಾರ್ಶ್ವವಾಯು ಕಡಿಮೆಯಾಯ್ತು, ಮೊದಲ ಹೃದಯಾಘಾತ ಕಡಿಮೆಯಾಗಲಿಲ್ಲ. ಒಬ್ಬರ ಲೆಕ್ಕವನ್ನು ಇನ್ನೊಬ್ಬರಿಗೆ ಹಾಗೇ ಹಚ್ಚಬಾರದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಿಲ್ಲ.

ಫ್ರೇಮಿಂಗ್‌ಹ್ಯಾಮಿನ 26 ವರ್ಷಗಳ ದಾಖಲೆಯಲ್ಲಿ ಹೆಂಗಸರಿಗೆ ಹೃದಯದ ರಕ್ತನಾಳದ ಕಾಯಿಲೆ ಗಂಡಸರಿಗಿಂತ ಸುಮಾರು 10 ವರ್ಷ ತಡವಾಗಿ ಬಂತು. ಹೃದಯಾಘಾತ, ಹಠಾತ್ ಸಾವಿನಂಥ ಗಂಭೀರ ಘಟನೆಗಳಲ್ಲಿ ಅಂತರ ಸುಮಾರು 20 ವರ್ಷ. ಇಂಟರ್‌ಹಾರ್ಟಿನಲ್ಲೂ ಮೊದಲ ಹೃದಯಾಘಾತದ ಮಧ್ಯಾಂಕ ವಯಸ್ಸು (ಅರ್ಧ ಜನ ಅದರೊಳಗೆ, ಅರ್ಧ ಜನ ಅದರಾಚೆ) ಗಂಡಸರಿಗೆ 56, ಹೆಂಗಸರಿಗೆ 65. ಈಗ 45ರ ಹೆಂಗಸಿಗೆ ಮುಂದಿನ 10 ವರ್ಷದ ಲೆಕ್ಕ ಹಾಕಿದರೆ ಕಿಟಕಿ 55ಕ್ಕೇ ಮುಚ್ಚಿತು. ಘಟನೆ ನಡೆಯೋದು ಕಿಟಕಿಯಾಚೆ. ಕಡಿಮೆ ಶೇಕಡಾ ಬಾರದೆ ಏನು ಮಾಡುತ್ತೆ?

1999ರಲ್ಲಿ ಫ್ರೇಮಿಂಗ್‌ಹ್ಯಾಮ್ ದತ್ತಾಂಶದಿಂದಲೇ ಜೀವಮಾನದ ಅಪಾಯ ಲೆಕ್ಕ ಹಾಕಿದರು. 40ನೇ ವಯಸ್ಸಿನಲ್ಲಿ ಕಾಯಿಲೆ ಇಲ್ಲದ ಗಂಡಸಿಗೆ ಶೇ. 48.6, ಹೆಂಗಸಿಗೆ ಶೇ. 31.7. ಇಬ್ಬರಲ್ಲೊಬ್ಬ ಗಂಡಸು, ಮೂವರಲ್ಲೊಬ್ಬಳು ಹೆಂಗಸು. ‘ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಬರಲ್ಲ’ ಅನ್ನೋ ಮಾತಿಗೆ ಇಲ್ಲಿ ಜಾಗ ಎಲ್ಲಿದೆ?

ಬಯಲುಸೀಮೆ
ಎಲ್ಲಾ ಸರಿ ಸರ್, ಅಮೆರಿಕದ ಬಿಳಿಯರ ಊರಿನ ಲೆಕ್ಕ ಇಟ್ಕೊಂಡು ಚಳ್ಳಕೆರೆಯ ಹೆಂಗಸಿಗೆ ಶೇಕಡಾ ಹೇಳೋದು ಯಾವ ನ್ಯಾಯ?

ಅಂಕಿಮನೆ
@ಬಯಲುಸೀಮೆ ಹಾಗೇ ಹೇಳೋದು ನ್ಯಾಯವಲ್ಲ, ಒಪ್ಪಿದೆ. ಆದರೆ ಪೂರ್ತಿ ಎಸೆಯೋದೂ ಬೇಡ. ಇಂಥ ಸೂತ್ರದಲ್ಲಿ ಎರಡು ಭಾಗ ಇರುತ್ತೆ. ಒಂದು, ಬಿಪಿ ಇಷ್ಟು ಏರಿದರೆ ಅಪಾಯ ಎಷ್ಟು ಪಟ್ಟು ಅನ್ನೋ ಗುಣಕ. ಅದು ಊರಿಂದೂರಿಗೆ ತೀರಾ ಬದಲಾಗಲ್ಲ. ಎರಡು, ಆ ಜನರಲ್ಲಿ ಸರಾಸರಿ ಕಾಯಿಲೆ ಎಷ್ಟು ಅನ್ನೋ ತಳಮಟ್ಟ. ಇದು ಬಹಳ ಬದಲಾಗುತ್ತೆ. ಗುಣಕ ಉಳಿಸಿಕೊಂಡು ತಳಮಟ್ಟವನ್ನೂ ರಿಸ್ಕ್ ಫ್ಯಾಕ್ಟರುಗಳ ಸರಾಸರಿಯನ್ನೂ ಸ್ಥಳೀಯವಾಗಿ ಬದಲಿಸೋದೇ ಮರುಹೊಂದಾಣಿಕೆ.

ವಿಶ್ವ ಆರೋಗ್ಯ ಸಂಸ್ಥೆಯ 2019ರ ಚಾರ್ಟುಗಳು ಹೀಗೇ ಆದದ್ದು. 85 ಅಧ್ಯಯನಗಳ 3,76,177 ಜನರಿಂದ ಗುಣಕ ತೆಗೆದು, ಜಗತ್ತನ್ನು 21 ಪ್ರದೇಶ ಮಾಡಿ, ಒಂದೊಂದಕ್ಕೂ ತಳಮಟ್ಟ ಬೇರೆ ಕೂರಿಸಿದರು. ದಕ್ಷಿಣ ಏಷ್ಯಾದ ಚಾರ್ಟ್ ಪ್ರತ್ಯೇಕ ಇದೆ. ಕೈಪಿಡಿಗೆ ಅದನ್ನೇ ಬಳಸಿ, ಫ್ರೇಮಿಂಗ್‌ಹ್ಯಾಮ್ ಅಂಕಪಟ್ಟಿ ಬೇಡ.

ಎನ್‌ಸಿಡಿ_ಕೋಣೆ
ಆ ಚಾರ್ಟ್ ದಿನವೂ ಕೈಯಲ್ಲಿ ಹಿಡಿಯುವವರಿಗೆ ಬೇಕಾದ ವಿವರ ಇಷ್ಟು.

ಅದು 40ರಿಂದ 74 ವಯಸ್ಸಿನವರಿಗೆ ಮಾತ್ರ. ಈಗಾಗಲೇ ಹೃದಯಾಘಾತವೋ ಪಾರ್ಶ್ವವಾಯುವೋ ಆದವರಿಗೆ ಚಾರ್ಟ್ ತೆರೆಯಲೇಬೇಡಿ, ಅವರು ನೇರವಾಗಿ ಹೆಚ್ಚಿನ ಅಪಾಯದವರು. ಎರಡು ಬಗೆ ಇದೆ: ಲ್ಯಾಬ್ ಇರುವ ಕಡೆಗೆ ವಯಸ್ಸು, ಲಿಂಗ, ಧೂಮಪಾನ, ಮೇಲಿನ ಬಿಪಿ, ಸಕ್ಕರೆ ಕಾಯಿಲೆ, ಒಟ್ಟು ಕೊಲೆಸ್ಟ್ರಾಲ್. ಲ್ಯಾಬ್ ಇಲ್ಲದ ಕಡೆಗೆ ಸಕ್ಕರೆ–ಕೊಲೆಸ್ಟ್ರಾಲ್ ಬದಲು ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ). ಬಣ್ಣ ಹಸಿರು ಅಂದರೆ ಮುಂದಿನ 10 ವರ್ಷದ ಅಪಾಯ ಶೇ. 5ಕ್ಕಿಂತ ಕಡಿಮೆ, ಹಳದಿ 5ರಿಂದ 10, ಕಿತ್ತಳೆ 10ರಿಂದ 20, ಕೆಂಪು 20ರಿಂದ 30, ಗಾಢ ಕೆಂಪು ಅದಕ್ಕೂ ಮೇಲೆ.

ಎಡವೋದು ಎಲ್ಲಿ ಅಂದ್ರೆ ಲ್ಯಾಬ್ ಇಲ್ಲದ ಚಾರ್ಟಿನಲ್ಲಿ ಸಕ್ಕರೆಗೆ ಕಾಲಂ ಇಲ್ಲ. ಸಕ್ಕರೆ ಇರುವ ತೆಳ್ಳಗಿನ ಹೆಂಗಸು ಅಲ್ಲಿ ಹಸಿರಿನಲ್ಲೇ ಕೂತುಬಿಡುತ್ತಾಳೆ. ಸಕ್ಕರೆ ಗೊತ್ತಿದ್ದರೆ ಲ್ಯಾಬ್ ಚಾರ್ಟೇ ಬೇಕು, ಅಲ್ಲಿವರೆಗೆ ಆ ಹಸಿರನ್ನು ನಂಬಬೇಡಿ. ಇನ್ನು ಬಿಪಿ 140/90 ದಾಟಿದ್ದು ಖಚಿತವಾದರೆ ಬಣ್ಣ ಯಾವುದೇ ಇರಲಿ, ಬಿಪಿಗೆ ಚಿಕಿತ್ಸೆ ಬೇಕು. ‘ಚಾರ್ಟ್ ಹಸಿರು ಇದೆ, ಮಾತ್ರೆ ಯಾಕೆ’ ಅಂತ ಕೇಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತೆ.

ಟೇಪು_ತಕ್ಕಡಿ
ಚಾರ್ಟಿನ ಧೂಮಪಾನದ ಕಾಲಂ ಬಗ್ಗೆ ಯಾರೂ ಮಾತಾಡ್ತಿಲ್ಲವಲ್ಲ! ನಮ್ಮ ಕಡೆ ಹೆಂಗಸರ ಲೆಕ್ಕ ತಪ್ಪೋದು ಅಲ್ಲೇ.

2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ದೇಶದ ಗಂಡಸರಲ್ಲಿ ಶೇ. 19 ಜನ ಸೇದುವವರು, ಹೆಂಗಸರಲ್ಲಿ ಶೇ. 2. ಹೊಗೆಯಿಲ್ಲದ ತಂಬಾಕು ನೋಡಿ: ಗಂಡಸರು ಶೇ. 29.6, ಹೆಂಗಸರು ಶೇ. 12.8. ‘ಸೇದ್ತೀರಾ?’ ಅಂತ ಕೇಳಿದರೆ ‘ಛೇ ಛೇ, ಇಲ್ಲಮ್ಮ’ ಅಂತಾರೆ, ಉತ್ತರವೂ ನಿಜವೇ. ಕೆನ್ನೆಯಲ್ಲಿ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಇರುತ್ತೆ, ಇಲ್ಲ ಬೆಳಿಗ್ಗೆ ಕಡ್ಡಿಪುಡಿ ಹಾಕಿರ್ತಾರೆ. ಫಾರಂನಲ್ಲಿ ‘ಇಲ್ಲ’ ಅಂತ ಗುರುತು ಬಿತ್ತು, ಮುಗೀತು.

ಕೇಳುವ ಕ್ರಮ ಹೀಗಿರಲಿ. ಮೊದಲು ‘ಎಲೆ ಅಡಿಕೆ ಹಾಕ್ತೀರಾ?’ ಹೌದು ಅಂದರೆ ‘ಜೊತೆಗೆ ಹೊಗೆಸೊಪ್ಪೋ ಕಡ್ಡಿಪುಡಿಯೋ ಸೇರಿಸ್ತೀರಾ?’ ಆಮೇಲೆ ಗುಟ್ಕಾ, ನಶ್ಯ. ದಿನಕ್ಕೆಷ್ಟು ಸಲ, ಯಾವ ವಯಸ್ಸಿನಿಂದ. ‘ತಂಬಾಕು’ ಅನ್ನೋ ಪದದಿಂದ ಶುರು ಮಾಡಿದರೆ ಅರ್ಧ ಉತ್ತರ ಕೈತಪ್ಪುತ್ತೆ. ಅತ್ತೆಯೋ ಮಾವನೋ ಎದುರಿಗಿದ್ದರೆ ಸೊಸೆ ಹೌದು ಅನ್ನಲ್ಲ, ಹಾಗಾಗಿ ಈ ಪ್ರಶ್ನೆಯನ್ನು ಸೊಂಟ ಅಳೆಯುವ ಹೊತ್ತಿಗೆ, ಮರೆಯಲ್ಲಿ ಕೇಳಿ.

ಅಂಕಿಮನೆ
@ಟೇಪು_ತಕ್ಕಡಿ ಮೇಡಂ ಹೇಳಿದ್ದರ ತೂಕ ಎಷ್ಟು ಅಂತ ಲೆಕ್ಕ ಹಾಕಿ ನೋಡೋಣ.

ಒಂದು ಅಂಶವೇ ಇಲ್ಲದಿದ್ದರೆ ಎಷ್ಟು ಭಾಗ ಕಾಯಿಲೆ ತಪ್ಪುತ್ತಿತ್ತು ಅನ್ನೋದಕ್ಕೆ ಹಳೆಯ ಸೂತ್ರ ಇದೆ. ಜನರಲ್ಲಿ ಆ ಅಂಶ ಇರುವವರ ಪ್ರಮಾಣವನ್ನು, ಅಪಾಯದ ಪಟ್ಟಿನಿಂದ 1 ಕಳೆದು ಉಳಿದದ್ದರಿಂದ ಗುಣಿಸಿ. ಬಂದದ್ದನ್ನು, ಅದಕ್ಕೇ 1 ಕೂಡಿಸಿದ ಸಂಖ್ಯೆಯಿಂದ ಭಾಗಿಸಿ.

ಇಂಟರ್‌ಹಾರ್ಟಿನಲ್ಲಿ ಸೇದುವವರ ಪಟ್ಟು 2.87, ತಂಬಾಕು ಬರೀ ಅಗಿಯುವವರದು 2.23. ಗಂಡಸರ ಸೇದುವಿಕೆ: 0.19 × 1.87 = 0.355, ಭಾಗಿಸು 1.355, ಸುಮಾರು ಶೇ. 26. ಹೆಂಗಸರ ಸೇದುವಿಕೆ: 0.02 × 1.87 = 0.037, ಭಾಗಿಸು 1.037, ಶೇ. 3.6. ಹೆಂಗಸರ ಅಗಿಯುವಿಕೆ: 0.128 × 1.23 = 0.157, ಭಾಗಿಸು 1.157, ಶೇ. 13.6. ಇದು ಕಚ್ಚಾ ಲೆಕ್ಕ, ವಯಸ್ಸಿಗೆ ಹೊಂದಿಸಿಲ್ಲ, ಎಲ್ಲ ಬಗೆಯ ಹೊಗೆಯಿಲ್ಲದ ತಂಬಾಕಿಗೂ ಒಂದೇ ಪಟ್ಟು ಹಾಕಿದೆ. ಆದರೂ ದಿಕ್ಕು ಕಾಣುತ್ತೆ: ‘ಸೇದ್ತೀರಾ’ ಎಂಬ ಒಂದೇ ಪ್ರಶ್ನೆ ಕೇಳಿದರೆ ಹೆಂಗಸರಲ್ಲಿ ತಂಬಾಕಿನ ಪಾಲಿನ ಬಹುಭಾಗ ಕಾಣದೇ ಹೋಗುತ್ತೆ.

ಎನ್‌ಸಿಡಿ_ಕೋಣೆ
ಆಶಾ ಕೈಯಲ್ಲಿರುವ, ಅಪಾಯಕ್ಕೆ ಅಂಕ ಹಾಕುವ ಸಿಬ್ಯಾಕ್ ಫಾರಂ ಈ ವಿಷಯದಲ್ಲಿ ಚಾರ್ಟಿಗಿಂತ ವಾಸಿ. ಅದರಲ್ಲಿ ಸೇದೋದು ಮತ್ತು ಗುಟ್ಕಾ–ಖೈನಿ ಒಂದೇ ಪ್ರಶ್ನೆಯಲ್ಲಿವೆ: ಎಂದೂ ಇಲ್ಲ 0, ಹಿಂದೆ ಅಥವಾ ಅಪರೂಪಕ್ಕೆ 1, ದಿನವೂ 2. ಸೊಂಟದ ಸುತ್ತಳತೆಗೆ ಹೆಂಗಸರಿಗೆ 80 ಸೆಂ.ಮೀ.ವರೆಗೆ 0, 81–90ಕ್ಕೆ 1, 90 ದಾಟಿದರೆ 2. ಗಂಡಸರಿಗೆ 90, 91–100, 100ರ ಮೇಲೆ. ಒಟ್ಟು 4 ದಾಟಿದವರನ್ನು ಮೊದಲು ಕಳಿಸಬೇಕು. 4ರೊಳಗಿದ್ದವರು ಬರಬೇಕಿಲ್ಲ ಅಂತ ಅರ್ಥವಲ್ಲ, 30 ದಾಟಿದ ಎಲ್ಲರಿಗೂ ತಪಾಸಣೆ ಇದೆ. ಇದನ್ನು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ.

ಬಯಲುಸೀಮೆ
ಇಂಟರ್‌ಹಾರ್ಟ್ ಒಂಬತ್ತು ಅಂಶಗಳು ಸೇರಿ ಹೃದಯಾಘಾತಕ್ಕೆ ಕಾರಣವಾಗುವ ಪಾಲು ಗಂಡಸರಲ್ಲಿ ಶೇ. 90, ಹೆಂಗಸರಲ್ಲಿ ಶೇ. 94 ಅನ್ನುತ್ತೆ. ಕೊಬ್ಬಿನ ಅಂಶದ್ದೇ ಶೇ. 49, ಸೇದೋದು ಶೇ. 36. ಇನ್ನುಳಿದ ಏಳನ್ನೂ ಕೂಡಿದರೆ 100 ದಾಟಿ ಹೋಗುತ್ತೆ. ಇದೆಂಥ ಲೆಕ್ಕ?

ಅಂಕಿಮನೆ
ಅವನ್ನು ಕೂಡಬಾರದು. ಸೇದುತ್ತಿದ್ದ, ಬಿಪಿಯೂ ಇದ್ದ ಒಬ್ಬ ವ್ಯಕ್ತಿಯ ಹೃದಯಾಘಾತ ಎರಡರಲ್ಲಿ ಯಾವುದನ್ನು ತೆಗೆದಿದ್ದರೂ ತಪ್ಪುತ್ತಿತ್ತು ಅಂದುಕೊಳ್ಳಿ. ಅವನು ಎರಡೂ ಲೆಕ್ಕದಲ್ಲಿ ಎಣಿಕೆಯಾಗ್ತಾನೆ. ಮೊತ್ತ 100 ದಾಟಿದರೆ ತಪ್ಪಿಲ್ಲ. ಒಟ್ಟು ಪಾಲು ಬೇಕಿದ್ದರೆ ಒಂಬತ್ತನ್ನೂ ಒಟ್ಟಿಗೆ ಮಾದರಿಗೆ ಹಾಕಿಯೇ ತೆಗೆಯಬೇಕು, 90 ಮತ್ತು 94 ಬಂದದ್ದು ಹಾಗೆ. ‘ಇನ್ನುಳಿದ ಶೇ. 10 ವಂಶವಾಹಿ’ ಅಂತ ಬರೀತಾರಲ್ಲ, ಅದೂ ಇದೇ ಕಾರಣಕ್ಕೆ ತಪ್ಪು.

ಹಳೇಕಡತ
ಇಂಟರ್‌ಹಾರ್ಟಿನ ಮಿತಿಯನ್ನೂ ಸೇರಿಸಿ. ಅದು ಆಸ್ಪತ್ರೆಗೆ ಬದುಕಿ ಬಂದವರನ್ನು, ಕಾಯಿಲೆ ಇಲ್ಲದವರ ಜೊತೆ ಹೋಲಿಸಿದ ಅಧ್ಯಯನ. ದಾರಿಯಲ್ಲೇ ಸತ್ತವರು ಅದರಲ್ಲಿಲ್ಲ. ಮಾನಸಿಕ ಒತ್ತಡವನ್ನು ಹೃದಯಾಘಾತ ಆದಮೇಲೆ ಕೇಳಿದ್ದಾರೆ, ಆಗ ಎಲ್ಲರೂ ಹಿಂದಿನ ದಿನಗಳಲ್ಲಿ ಕಾರಣ ಹುಡುಕುತ್ತಿರುತ್ತಾರೆ. 27,098 ಜನರಲ್ಲಿ ಹೆಂಗಸರು 6,787. ಹೆಂಗಸರ ಸಂಖ್ಯೆ ಕಡಿಮೆಯಾದಷ್ಟೂ ಆ 4.26ರ ಸುತ್ತಲಿನ ಅನಿಶ್ಚಿತತೆ ಅಗಲ.

ಆದರೆ ನಮಗೆ ಅದರ ದಕ್ಷಿಣ ಏಷ್ಯಾ ಭಾಗ ಮುಖ್ಯ. ಇಲ್ಲಿ ಮೊದಲ ಹೃದಯಾಘಾತ ಸರಾಸರಿ 53ಕ್ಕೆ, ಬೇರೆ ದೇಶಗಳಲ್ಲಿ 59ರ ಹತ್ತಿರ. ‘ನಮ್ಮ ರಕ್ತವೇ ಹಾಗೆ’ ಅಂತ ಕೈಚೆಲ್ಲುವವರಿಗೆ ಉತ್ತರವೂ ಅದರಲ್ಲೇ ಇದೆ: ಅವೇ ರಿಸ್ಕ್ ಫ್ಯಾಕ್ಟರುಗಳು ಇಲ್ಲಿ ಚಿಕ್ಕ ವಯಸ್ಸಿಗೇ ಹೆಚ್ಚು, ಅವನ್ನು ಲೆಕ್ಕಕ್ಕೆ ಹಿಡಿದರೆ ವಯಸ್ಸಿನ ಅಂತರ ಬಹುಮಟ್ಟಿಗೆ ಅರ್ಥವಾಗುತ್ತೆ.

ತುಂಗಾತೀರ
ಕರ್ನಾಟಕದವರನ್ನೇ ದಶಕಗಟ್ಟಲೆ ಹಿಂಬಾಲಿಸಿದ ಅಧ್ಯಯನ ಇಲ್ವಾ?

ಹಳೇಕಡತ
ಇದೆ, ನಮ್ಮವರಿಗೇ ಹೆಚ್ಚು ಗೊತ್ತಿಲ್ಲ ಅನ್ನೋದು ಬೇಸರ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿತ್ತು. 1934–54ರ ನಡುವೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಸುತ್ತಲೇ ನೆಲೆಸಿದ್ದ 517 ಗಂಡಸರು–ಹೆಂಗಸರನ್ನು ಹುಡುಕಿ ತಪಾಸಣೆ ಮಾಡಿದರು. 1996ರಲ್ಲಿ ಪ್ರಕಟವಾಯ್ತು. ಹೃದಯದ ರಕ್ತನಾಳದ ಕಾಯಿಲೆ ಗಂಡಸರಲ್ಲಿ 25 ಮಂದಿಗೆ, ಶೇ. 9. ಹೆಂಗಸರಲ್ಲಿ 27 ಮಂದಿಗೆ, ಶೇ. 11.

ಹುಟ್ಟಿದಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ಶೇ. 11, ಮೂರು ಕೆ.ಜಿ. ದಾಟಿ 7 ಪೌಂಡು ಮುಟ್ಟಿದ್ದವರಲ್ಲಿ ಶೇ. 3. ತಾಯಿಯ ತೂಕವೂ ಬಸುರಿಯಲ್ಲಿ 45 ಕೆ.ಜಿ.ಗಿಂತ ಕಡಿಮೆ ಇದ್ದರೆ ಶೇ. 20. ಬಸುರಿ ಹೆಂಗಸಿನ ಊಟಕ್ಕೂ ಐವತ್ತು ವರ್ಷದ ನಂತರದ ಹೃದಯಕ್ಕೂ ನಂಟಿದೆ ಎಂದು ನಮ್ಮ ನೆಲದಲ್ಲೇ ಸಿಕ್ಕ ಸುಳಿವು ಇದು. ಮುಂದೆ 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಅಧ್ಯಯನ ಶುರುವಾಯ್ತು.

ಬಯಲುಸೀಮೆ
ಅಂದ್ರೆ ಮೈಸೂರಿನಲ್ಲಿ ಹೆಂಗಸರಿಗೇ ಜಾಸ್ತಿ! 11 ದೊಡ್ಡದು, 9 ಚಿಕ್ಕದು.

ಅಂಕಿಮನೆ
ಹಾಗೆ ಓದಬೇಡಿ. 25 ಮತ್ತು 27 ಅನ್ನೋ ಎಣಿಕೆಯಲ್ಲಿ ಎರಡು ಶೇಕಡಾ ಅಂತರ ಆಕಸ್ಮಿಕದ ಮಿತಿಯೊಳಗೇ ಇದೆ. ಜೊತೆಗೆ ಇದು ಆ ಹೊತ್ತಿಗೆ ಬದುಕಿದ್ದು, ಊರಲ್ಲೇ ಉಳಿದವರ ಲೆಕ್ಕ. ಚಿಕ್ಕ ವಯಸ್ಸಿಗೇ ಹೃದಯಾಘಾತವಾಗಿ ಸತ್ತ ಗಂಡಸರು ಲೆಕ್ಕಕ್ಕೆ ಸಿಕ್ಕೇ ಇಲ್ಲ. ಬದುಕಿರುವವರಲ್ಲಿ ಎಷ್ಟು ಮಂದಿಗೆ ಕಾಯಿಲೆ ಇದೆ ಅನ್ನೋದು ಒಂದು, ವರ್ಷಕ್ಕೆ ಹೊಸದಾಗಿ ಎಷ್ಟು ಮಂದಿಗೆ ಬರುತ್ತೆ ಅನ್ನೋದು ಇನ್ನೊಂದು. ಎರಡನೆಯದಕ್ಕೆ ಹಲವು ದೇಶಗಳ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಪ್ಯೂರ್ ಅಧ್ಯಯನ ನೋಡಿ, ಬೆಂಗಳೂರಿನ ಸೇಂಟ್ ಜಾನ್ಸ್ ಅದರಲ್ಲಿದೆ. 2020ರ ವರದಿಯಲ್ಲಿ ಸಾವಿರ ಜನ-ವರ್ಷಕ್ಕೆ (ಸಾವಿರ ಜನರನ್ನು ಒಂದು ವರ್ಷ ನೋಡಿದಂತೆ) ಹೆಂಗಸರಲ್ಲಿ 5.0, ಗಂಡಸರಲ್ಲಿ 8.2 ಹೃದಯ–ರಕ್ತನಾಳದ ಘಟನೆಗಳು.

ಸೂಲಗಿತ್ತಿಮನೆ
ತಾಯಿಯ ಮಾತು ಬಂತಲ್ಲ, ಹೆಂಗಸರಿಗೆ ಮಾತ್ರ ಇರುವ ಪ್ರಶ್ನೆಗಳನ್ನು ಯಾವ ಚಾರ್ಟೂ ಕೇಳಲ್ಲ ಅನ್ನೋದನ್ನ ಒತ್ತಿ ಹೇಳಬೇಕು.

ಬಸುರಿಯಲ್ಲಿ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗಿದ್ದವರಿಗೆ ಮುಂದೆ ಹೃದಯದ ರಕ್ತನಾಳದ ಕಾಯಿಲೆ ಸುಮಾರು ಎರಡು ಪಟ್ಟು, ಶಾಶ್ವತ ಬಿಪಿ ಮೂರೂವರೆ ಪಟ್ಟಿಗೂ ಹೆಚ್ಚು. ಬಸುರಿಯಲ್ಲಿ ಸಕ್ಕರೆ ಬಂದಿದ್ದವರಿಗೂ ಹೃದಯದ ಅಪಾಯ ಹತ್ತಿರ ಹತ್ತಿರ ಎರಡು ಪಟ್ಟು. 40ಕ್ಕಿಂತ ಮೊದಲೇ ಮುಟ್ಟು ನಿಂತವರನ್ನೂ ಅಮೆರಿಕದ 2018ರ ಮಾರ್ಗಸೂಚಿ ಅಪಾಯ ಹೆಚ್ಚಿಸುವ ಪಟ್ಟಿಗೆ ಸೇರಿಸಿದೆ.

ಹೆರಿಗೆಯಾಗಿ ಆರು ವಾರಕ್ಕೆ ಬಿಪಿ ಇಳಿಯುತ್ತೆ, ಎಲ್ಲರೂ ಮರೀತಾರೆ. ಹತ್ತು–ಹದಿನೈದು ವರ್ಷದ ಮೇಲೆ ಬಿಪಿ–ಸಕ್ಕರೆ ನೋಡುವ ಎನ್‌ಸಿಡಿ ಕ್ಲಿನಿಕ್ಕಿಗೆ ಬಂದಾಗ ಕೇಳುವವರಿಲ್ಲ. ಆದರೆ ನಮ್ಮ ಕೈಯಲ್ಲಿ ತಾಯಿ ಕಾರ್ಡ್ ಇದೆ! ಪ್ರತಿ ತಪಾಸಣೆಯ ಬಿಪಿ, ಮೂತ್ರದ ಫಲಿತಾಂಶ ಅದರಲ್ಲಿ ಬರೆದಿರುತ್ತೆ. ಮಗುವಿನ ಲಸಿಕೆಯ ಸಲುವಾಗಿ ಎಷ್ಟೋ ಮನೆಯಲ್ಲಿ ಜೋಪಾನವಾಗಿಯೂ ಇಟ್ಟಿರ್ತಾರೆ. ‘ಕಾರ್ಡ್ ತನ್ನಿ, ನೋಡೋಣ’ ಅಂದರೆ ಸಾಕು. ಕಾರ್ಡ್ ಇಲ್ಲದಿದ್ದರೆ ಮೂರು ಪ್ರಶ್ನೆ: ಬಸುರಿಯಲ್ಲಿ ಬಿಪಿ ಮಾತ್ರೆ ಕೊಟ್ಟಿದ್ದರಾ? ಫಿಟ್ಸ್ ಬಂದಿತ್ತಾ? ಬಿಪಿ ಏರಿತೆಂದು ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಿದರಾ?

ಎನ್‌ಸಿಡಿ_ಕೋಣೆ
@ಸೂಲಗಿತ್ತಿಮನೆ ಮೇಡಂ, ಇದು ಚಿನ್ನದಂಥ ಮಾತು. 35ರ ಹೆಂಗಸಿಗೆ ಚಾರ್ಟೇ ಇಲ್ಲ, ಈ ಮೂರು ಪ್ರಶ್ನೆ ಮಾತ್ರ ಇದೆ.

ಕಾಫಿಬೀಜ
ಮುಟ್ಟು ನಿಂತ ಮೇಲೆ ಹಾರ್ಮೋನ್ ಕೊಟ್ಟರೆ ಹೃದಯಕ್ಕೆ ಒಳ್ಳೇದು ಅಂತಿದ್ದರಲ್ಲ, ಆ ಕಥೆ ಏನಾಯ್ತು?

ಹಳೇಕಡತ
ಜನಸಮೂಹದ ಅಧ್ಯಯನ ಹೇಗೆ ದಾರಿ ತಪ್ಪಬಹುದು ಅನ್ನೋದಕ್ಕೆ ಪಾಠದಂತಿದೆ ಅದು. 1976ರಲ್ಲಿ ಶುರುವಾದ ಅಮೆರಿಕದ 1,21,700 ನರ್ಸುಗಳ ಅಧ್ಯಯನದಲ್ಲಿ ಹಾರ್ಮೋನ್ ತಗೊಂಡವರಿಗೆ ಹೃದಯದ ಕಾಯಿಲೆ ಕಡಿಮೆ ಕಂಡಿತು. ಎಲ್ಲರೂ ನಂಬಿದರು. ಆಮೇಲೆ ಚೀಟಿ ಎತ್ತಿದ ಹಾಗೆ ಗುಂಪು ಮಾಡಿ ಕೊಟ್ಟು ನೋಡಿದರು. ಈಗಾಗಲೇ ಹೃದಯದ ಕಾಯಿಲೆ ಇದ್ದ 2,763 ಹೆಂಗಸರಲ್ಲಿ ಲಾಭವಿಲ್ಲ ಅಂತ 1998ರಲ್ಲಿ ಬಂತು. 16,608 ಆರೋಗ್ಯವಂತ ಹೆಂಗಸರ ದೊಡ್ಡ ಪ್ರಯೋಗವನ್ನು 2002ರ ಜುಲೈನಲ್ಲಿ ಅರ್ಧದಲ್ಲೇ ನಿಲ್ಲಿಸಿದರು. ಎರಡು ಹಾರ್ಮೋನ್ ಸೇರಿದ ಮಾತ್ರೆ ತಗೊಂಡವರಲ್ಲಿ ಹೃದಯದ ಕಾಯಿಲೆ ಶೇ. 29 ಹೆಚ್ಚು ಕಂಡಿತ್ತು, ಸ್ತನ ಕ್ಯಾನ್ಸರೂ ಏರಿತ್ತು.

ಕಾರಣ ಏನಂದ್ರೆ, ತಾವಾಗಿ ಹಾರ್ಮೋನ್ ತಗೊಂಡವರು ಮೊದಲೇ ಅನುಕೂಲಸ್ಥರು, ಓದಿದವರು, ಡಾಕ್ಟರ ಬಳಿ ತಪ್ಪದೆ ಹೋಗುವವರು. ಮಾತ್ರೆಯ ಗುಣ ಅಂದುಕೊಂಡದ್ದು ಅವರ ಬದುಕಿನ ಗುಣ.

ಸೂಲಗಿತ್ತಿಮನೆ
ಅಷ್ಟೇ ಅಲ್ಲ ಸರ್. ನರ್ಸುಗಳು ಮುಟ್ಟು ನಿಲ್ಲುವ ಹೊತ್ತಿಗೇ ಶುರು ಮಾಡಿದ್ದರು. ಪ್ರಯೋಗದವರ ಸರಾಸರಿ ವಯಸ್ಸು 63. ರಕ್ತನಾಳ ಆಗಲೇ ಕೆಟ್ಟಿದ್ದ ವಯಸ್ಸಿಗೆ ಕೊಟ್ಟರೆ ಫಲ ಬೇರೆ. ‘ಅನುಕೂಲಸ್ಥರು’ ಅನ್ನೋದೊಂದರಿಂದಲೇ ಪೂರ್ತಿ ವಿವರಿಸಲಾಗಲ್ಲ.

ಹಳೇಕಡತ
ಎರಡೂ ಸೇರಿದೆ ಅನ್ನೋಣ. ಹೃದಯ ಕಾಪಾಡೋಕೆ ಅಂತ ಮಾತ್ರ ಹಾರ್ಮೋನ್ ಕೊಡಬಾರದು ಅನ್ನೋದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯ ಇಲ್ಲ.

ಬಯಲುಸೀಮೆ
ಹಾಸನದ ವಿಷಯ ಯಾಕೆ ಯಾರೂ ಎತ್ತುತ್ತಿಲ್ಲ? 2025ರಲ್ಲಿ ಅಲ್ಲಿನ ಹೃದಯಾಘಾತದ ಸಾವುಗಳ ಎಣಿಕೆ ದಿನಾ ಟಿವಿಯಲ್ಲಿ ಬರ್ತಿತ್ತು.

ಅಂಕಿಮನೆ
ಎಣಿಕೆ ಬರ್ತಿತ್ತು, ಒಟ್ಟು ಎಷ್ಟರಲ್ಲಿ ಅನ್ನೋ ಛೇದ ಬರ್ತಿರಲಿಲ್ಲ. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯ ಜನ 17.76 ಲಕ್ಷ. ಸಾವಿರಕ್ಕೆ ವರ್ಷಕ್ಕೆ 6–7 ಸಾವು ಅಂತ ಹಿಡಿದರೂ ವರ್ಷಕ್ಕೆ 11–12 ಸಾವಿರ, ತಿಂಗಳಿಗೆ ಸಾವಿರದ ಆಸುಪಾಸು. ಅದರಲ್ಲಿ ಹೃದಯದ್ದು ಎಷ್ಟು, ಅದರಲ್ಲಿ 45ರೊಳಗಿನವರದ್ದು ಎಷ್ಟು, ಹಿಂದಿನ ಐದು ವರ್ಷ ಅದೇ ತಿಂಗಳಲ್ಲಿ ಎಷ್ಟು. ಈ ಮೂರು ಇಲ್ಲದೆ ಏರಿತು ಅಂತಲೂ ಹೇಳಲಾಗಲ್ಲ, ಇಳಿಯಿತು ಅಂತಲೂ ಹೇಳಲಾಗಲ್ಲ. ಸುದ್ದಿ ಶುರುವಾದ ಮೇಲೆ ಪ್ರತಿ ಸಾವೂ ವರದಿಯಾಗುತ್ತೆ, ಅದೂ ಎಣಿಕೆಯನ್ನು ಹಿಗ್ಗಿಸುತ್ತೆ. ಮನೆಯಲ್ಲಾದ ಸಾವಿಗೆ ಕಾರಣ ಪತ್ತೆ ಮಾಡೋಕೆ ಮನೆಯವರನ್ನು ಕ್ರಮವಾಗಿ ಪ್ರಶ್ನಿಸುವ ವಿಧಾನ ಇದೆ. ‘ಎದೆ ಹಿಡ್ಕೊಂಡ, ಬಿದ್ದ’ ಅನ್ನೋದೊಂದೇ ಸಾಲದು.

ತುಂಗಾತೀರ
ಎದೆನೋವು ಅಂದಿರಿ, ಹೆಂಗಸರಿಗೆ ಎದೆನೋವೇ ಬರಲ್ಲ ಅಂತಾರಲ್ಲ?

ಎನ್‌ಸಿಡಿ_ಕೋಣೆ
ಬರುತ್ತೆ. ಹೆಂಗಸರಲ್ಲೂ ಹೆಚ್ಚಿನವರಿಗೆ ಎದೆಯ ನೋವು ಅಥವಾ ಬಿಗಿತವೇ ಮುಖ್ಯ ಲಕ್ಷಣ. ಜೊತೆಗೆ ಉಸಿರಾಟದ ಕಷ್ಟ, ವಾಕರಿಕೆ, ಬೆನ್ನು–ದವಡೆ ನೋವು, ವಿಪರೀತ ಸುಸ್ತು ಅವರಲ್ಲಿ ಹೆಚ್ಚು. ‘ಬರಲ್ಲ’ ಅಂತ ಕೈಪಿಡಿಯಲ್ಲಿ ಬರೆದರೆ ಎದೆನೋವಿನ ಹೆಂಗಸನ್ನು ಗ್ಯಾಸ್ಟ್ರಿಕ್ ಅಂತ ಮನೆಗೆ ಕಳಿಸ್ತಾರೆ. ಗೊತ್ತೇ ಆಗದ ಹೃದಯಾಘಾತ ಇಬ್ಬರಲ್ಲೂ ಇದೆ. ಫ್ರೇಮಿಂಗ್‌ಹ್ಯಾಮಿನಲ್ಲಿ ಎರಡು ವರ್ಷಕ್ಕೊಮ್ಮೆ ತೆಗೆದ ಇಸಿಜಿಯಿಂದ ಮಾತ್ರ ಪತ್ತೆಯಾದವು ಗಂಡಸರಲ್ಲಿ ಶೇ. 28, ಹೆಂಗಸರಲ್ಲಿ ಶೇ. 35.

ಗುಬ್ಬಿಗೂಡು
ತುಂಬಾ ಸಿಕ್ಕಿತು, ಎಲ್ಲರಿಗೂ ನಮಸ್ಕಾರ. ಅಳತೆಯ ಪುಟ ಬಾಕಿ ಇದೆ. ಸೊಂಟ, ಬಿಪಿ ಅಳೆಯುವಾಗ ಗಂಡು–ಹೆಣ್ಣು ವ್ಯತ್ಯಾಸ ಏನಾದರೂ ಇದೆಯಾ?

ಟೇಪು_ತಕ್ಕಡಿ
ಬೇಕಾದಷ್ಟಿದೆ.

ಸೊಂಟ: ಪಕ್ಕೆಯ ಕೊನೆಯ ಮೂಳೆಯ ಕೆಳಅಂಚು ಮತ್ತು ಸೊಂಟದ ಮೂಳೆಯ ಮೇಲ್ತುದಿ ಎರಡನ್ನೂ ಬೆರಳಲ್ಲಿ ಮುಟ್ಟಿ ಗುರುತು ಮಾಡಿ, ನಡುವಿನ ಮಟ್ಟದಲ್ಲಿ ಟೇಪು ಸುತ್ತಿ. ಉಸಿರು ಸಹಜವಾಗಿ ಬಿಟ್ಟ ಕೊನೆಯಲ್ಲಿ ಓದಿ. ಹೆಂಗಸರಲ್ಲಿ ತಪ್ಪು ಎಲ್ಲಾಗುತ್ತೆ ಅಂದ್ರೆ ಲಂಗದ ಲಾಡಿ ಬಿಗಿದ ಕಡೆ ಹೊಟ್ಟೆಯಲ್ಲಿ ಗೆರೆ ಬಿದ್ದಿರುತ್ತೆ, ಟೇಪು ತಾನಾಗಿ ಆ ಗೆರೆಗೆ ಜಾರಿ ಕೂರುತ್ತೆ. ಅಳತೆ ಕಡಿಮೆ ಬರುತ್ತೆ. ಲಾಡಿ ಸಡಿಲಿಸಿ, ಒಂದು ನಿಮಿಷ ಬಿಟ್ಟು ಅಳೆಯಿರಿ. ಸೀರೆ ನೆರಿಗೆ ಮೇಲೆ ಅಳೆದರೆ ಉಲ್ಟಾ, ಜಾಸ್ತಿ ಬರುತ್ತೆ. ಗಂಡಸರಲ್ಲಿ ಬೆಲ್ಟಿನ ಮಟ್ಟದಲ್ಲಿ ಅಳೆಯೋದು ಸಾಮಾನ್ಯ ತಪ್ಪು, ಹೊಟ್ಟೆ ಅದರ ಮೇಲಿರುತ್ತೆ. ದರ್ಜಿ ಬಳಸುವ ಬಟ್ಟೆ ಟೇಪು ಹಿಗ್ಗುತ್ತೆ, ಹಿಗ್ಗದ ಟೇಪೇ ಬೇಕು.

ಬಿಪಿ: ಬಿಗಿಯಾದ ರವಿಕೆಯ ತೋಳನ್ನು ಮೇಲೆ ಸುತ್ತಿದರೆ ಅದೇ ತೋಳನ್ನು ಹಿಂಡುತ್ತೆ, ಓದು ಕೆಡುತ್ತೆ. ಸಡಿಲ ತೋಳಿನ ನೈಟಿ ಇದ್ದರೆ ಸುಲಭ, ಇಲ್ಲದಿದ್ದರೆ ಮರೆಯಲ್ಲಿ ಒಂದು ತೋಳು ಬಿಚ್ಚಿಸಿ. ಕಫ್ ಅಳತೆಯೂ ಮುಖ್ಯ: ಒಳಗಿನ ಚೀಲ ತೋಳಿನ ಸುತ್ತಳತೆಯ ಶೇ. 80 ಸುತ್ತಬೇಕು. ದಪ್ಪ ತೋಳಿಗೆ ಮಾಮೂಲಿ ಕಫ್ ಹಾಕಿದರೆ ಬಿಪಿ ಜಾಸ್ತಿ ತೋರಿಸುತ್ತೆ. 2023ರ ಅಮೆರಿಕದ ಒಂದು ಪ್ರಯೋಗದಲ್ಲಿ ದೊಡ್ಡ ಕಫ್ ಬೇಕಿದ್ದವರಿಗೆ ಸುಮಾರು 5, ಅತಿ ದೊಡ್ಡದು ಬೇಕಿದ್ದವರಿಗೆ 19.5 ಪಾಯಿಂಟ್ ಹೆಚ್ಚು ಬಂತು. ಬೆನ್ನಿಗೆ ಒರಗು, ಕಾಲು ನೆಲಕ್ಕೆ, ತೋಳು ಹೃದಯದ ಮಟ್ಟಕ್ಕೆ, ಮಾತು ಬೇಡ. ಸಮೀಕ್ಷೆಗಾದರೆ 15 ನಿಮಿಷ ಕೂರಿಸಿ, ಮೂರು ನಿಮಿಷದ ಅಂತರದಲ್ಲಿ ಮೂರು ಸಲ ಅಳೆದು ಕೊನೆಯ ಎರಡರ ಸರಾಸರಿ.

ಇನ್ನು ಗಂಡಸರು. ಹಗಲು ಹೋದರೆ ಮನೆಯಲ್ಲಿ ಸಿಗೋದು ಹೆಂಗಸರು, ವಯಸ್ಸಾದವರು, ಕೆಲಸ ಬಿಟ್ಟವರು. ಸಿಕ್ಕಿದ ಗಂಡಸರನ್ನೇ ಬರೆದುಕೊಂಡರೆ ಕಾಯಿಲೆಯವರೇ ಹೆಚ್ಚಾಗಿ ಗಂಡಸರ ಲೆಕ್ಕ ವಿಪರೀತ ಬರುತ್ತೆ. ಬೆಳಿಗ್ಗೆ ಹೊಲಕ್ಕೆ ಹೋಗುವ ಮುಂಚೆ, ಸಂಜೆ, ಭಾನುವಾರ ಮತ್ತೆ ಹೋಗಲೇಬೇಕು.

ಅಂಕಿಮನೆ
ಅಳತೆ ಬರೆದುಕೊಂಡ ಪುಸ್ತಕದಲ್ಲಿ ಎಲ್ಲಾ ಬಿಪಿಯೂ 120, 130, 140 ಅಂತಿದ್ದರೆ ಯಾರೋ ಅಂದಾಜು ಮಾಡಿದ್ದಾರೆ ಅಂತರ್ಥ. ಕೊನೆಯ ಅಂಕಿ 0 ಇರುವ ಓದುಗಳು ಹತ್ತರಲ್ಲೊಂದು ಇರಬೇಕು. ಕೈಯಿಂದ ಊದುವ ಯಂತ್ರದಲ್ಲಿ 2ರ ಗೆರೆ ಇರೋದರಿಂದ ಐದರಲ್ಲೊಂದು. ಅರ್ಧಕ್ಕರ್ಧ 0 ಇದ್ದರೆ ಆ ತಂಡಕ್ಕೆ ಮತ್ತೆ ತರಬೇತಿ ಕೊಡಿ.

ಕಾಫಿಬೀಜ
ಬಿಪಿ ಮಾತ್ರೆ ತಗೊಳ್ಳುವವರದು 128 ಬಂದರೆ ಚಾರ್ಟಿನಲ್ಲಿ 128 ಅಂತಲೇ ಹಾಕೋದಾ?

ಎನ್‌ಸಿಡಿ_ಕೋಣೆ
ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟಿಗೆ ಅಳೆದದ್ದನ್ನೇ ಹಾಕಬೇಕು, ಮಾತ್ರೆಗೆ ಬೇರೆ ಕಾಲಂ ಇಲ್ಲ. ಆದರೆ ಪಕ್ಕದಲ್ಲಿ ‘ಮಾತ್ರೆ ಮೇಲೆ’ ಅಂತ ಬರೆಯಿರಿ. ಮಾತ್ರೆಯಿಂದ 128ಕ್ಕೆ ಇಳಿದವರ ಅಪಾಯ, ಮಾತ್ರೆಯಿಲ್ಲದೆ 128 ಇರುವವರಿಗಿಂತ ಹೆಚ್ಚು. ಫ್ರೇಮಿಂಗ್‌ಹ್ಯಾಮಿನ 2008ರ ಸೂತ್ರದಲ್ಲಿ ಈ ಎರಡಕ್ಕೂ ಬೇರೆ ಬೇರೆ ಗುಣಕ ಇರೋದು ಅದಕ್ಕೇ. ಚಾರ್ಟ್ ಹಸಿರು ಬಂತು ಅಂತ ಅವರ ಮಾತ್ರೆ ನಿಲ್ಲಿಸಬಾರದು. ಹೆಂಗಸರು ಹಬ್ಬ, ಉಪವಾಸ, ಮಗಳ ಬಾಣಂತನ ಅಂತ ಮಾತ್ರೆ ಬಿಟ್ಟಿರಬಹುದು, ಗಂಡಸರು ಕುಡಿದ ದಿನ ಬಿಟ್ಟಿರಬಹುದು. ‘ಕಳೆದ ಏಳು ದಿನದಲ್ಲಿ ಎಷ್ಟು ದಿನ ತಗೊಂಡ್ರಿ’ ಅಂತ ಕೇಳಿ, ಅದನ್ನೂ ಅಲ್ಲೇ ಬರೆಯಿರಿ.